ನಾಲೆಯ ಕೊನೇ ಭಾಗದ ಸರಾಸರಿ

2015-16ರ ಕೃಷಿ ಗಣತಿಯ ಪ್ರಕಾರ ದೇಶದ ಒಂದು ಹಿಡುವಳಿಯ ಸರಾಸರಿ ವಿಸ್ತೀರ್ಣ 1.08 ಹೆಕ್ಟೇರ್. ಅಂದರೆ ಹೆಚ್ಚುಕಡಿಮೆ 2 ಎಕರೆ 27 ಗುಂಟೆ. ಅದೇ ಗಣತಿ ಶೇ 68ಕ್ಕೂ ಹೆಚ್ಚು ಹಿಡುವಳಿಗಳು ಒಂದು ಹೆಕ್ಟೇರನ್ನೂ ಮುಟ್ಟುವುದಿಲ್ಲ ಎನ್ನುತ್ತದೆ. ಎರಡು ಮಾತೂ ನಿಜ. ಹಾಗಾದರೆ ಮೂರರಲ್ಲಿ ಎರಡು ಪಾಲು ರೈತರು ಸರಾಸರಿಗಿಂತ ಕೆಳಗಿರುವುದು ಹೇಗೆ? ಸರಾಸರಿ ಎಂದರೆ ನಡುವಿನವನು ಎಂದು ನಾವು ಸುಮ್ಮನೆ ನಂಬಿರುವುದರಿಂದ ಈ ಪ್ರಶ್ನೆ ಹುಟ್ಟುತ್ತದೆ. ಅಂಕಿಗಳು ಹೇಗೆ ಹರಡಿಕೊಂಡಿವೆ ಎಂದು ನೋಡದೆ ಸರಾಸರಿಯನ್ನು ನೆಚ್ಚಿದರೆ ಬರುವ ತೊಂದರೆಯೇ ಇದು. ಮಂಡ್ಯದಂಥ ನೀರಾವರಿ ಜಿಲ್ಲೆಯಲ್ಲಿ ಅದರ ನಷ್ಟ ಕಾಗದದ ಮೇಲಷ್ಟೇ ಉಳಿಯುವುದಿಲ್ಲ.

ಮದ್ದೂರು ಕಡೆಯ ಒಂದು ಊರಿನಲ್ಲಿ ಒಂಬತ್ತು ಹಿಡುವಳಿಗಳಿವೆ ಎಂದು ಇಟ್ಟುಕೊಳ್ಳೋಣ: 10, 15, 15, 20, 25, 30, 40, 60 ಗುಂಟೆ, ಕೊನೆಯದು 325 ಗುಂಟೆ. ಕೂಡಿದರೆ 540, ಒಂಬತ್ತರಿಂದ ಭಾಗಿಸಿದರೆ ಸರಾಸರಿ 60 ಗುಂಟೆ, ಅಂದರೆ ಒಂದೂವರೆ ಎಕರೆ. ಏರಿಕೆಯ ಸಾಲಿನಲ್ಲಿ ನಟ್ಟನಡುವೆ ನಿಂತವನ ಜಮೀನು 25 ಗುಂಟೆ, ಇದು ಮಧ್ಯಾಂಕ. ಹೆಚ್ಚು ಸಲ ಬಂದ ಅಂಕಿ 15, ಇದು ಬಹುಲಕ. ಒಂಬತ್ತರಲ್ಲಿ ಏಳು ಮನೆಗಳು ಸರಾಸರಿಯ ಕೆಳಗೇ ಇವೆ. ದೊಡ್ಡ ಹಿಡುವಳಿದಾರ ಬೇರೆ ಊರಿನವರಿಂದ ಇನ್ನೂ 90 ಗುಂಟೆ ಕೊಂಡರೆ ಸರಾಸರಿ 70ಕ್ಕೆ ಏರುತ್ತದೆ, ಉಳಿದ ಎಂಟು ಮನೆಗಳಿಗೆ ಒಂದು ಗುಂಟೆಯೂ ಸೇರದೆ! ಮಧ್ಯಾಂಕ ಮಾತ್ರ ಜಗ್ಗುವುದಿಲ್ಲ. ಹೆಚ್ಚಿನ ಅಂಕಿಗಳು ಕೆಳಗೆ ಗುಂಪುಗೂಡಿ, ಒಂದೆರಡು ಮಾತ್ರ ಮೇಲಕ್ಕೆ ಚಾಚಿಕೊಂಡಿರುವ ಇಂಥ ಓರೆ ಹಂಚಿಕೆಯಲ್ಲಿ ಮೂರು ಅಳತೆಗಳೂ ಮೂರು ದಾರಿ ಹಿಡಿಯುತ್ತವೆ. ಎರಡೂ ಬದಿ ಸಮನಾಗಿ ಇಳಿಯುವ ಗಂಟೆಯಾಕಾರದ ಹಂಚಿಕೆಯಲ್ಲಿ ಅವು ಒಂದೇ ಕಡೆ ಕೂಡುತ್ತವೆ. ಅಂಥ ಕಡೆ ಯಾವುದನ್ನು ಹೇಳಿದರೂ ನಡೆಯುತ್ತದೆ.

ಹಾಗೆಂದು ಸರಾಸರಿಯನ್ನೇ ಬಿಟ್ಟುಬಿಡಬೇಕೇ? ಖಂಡಿತ ಬೇಡ. ಒಟ್ಟು ಮೊತ್ತ ಬೇಕಾದಲ್ಲಿ ಸರಾಸರಿಯೇ ಸರಿ. ಸಕ್ಕರೆ ಕಾರ್ಖಾನೆಗೆ ಈ ಹಂಗಾಮಿನಲ್ಲಿ ಎಷ್ಟು ಟನ್ ಕಬ್ಬು ಬರಬಹುದು ಎಂದು ತಿಳಿಯಲು ಎಕರೆಯ ಸರಾಸರಿ ಇಳುವರಿಯನ್ನು ಎಕರೆಗಳಿಂದ ಗುಣಿಸಬೇಕು. ಮಧ್ಯಾಂಕವನ್ನು ಗುಣಿಸಿದರೆ ಲೆಕ್ಕ ಕೆಡುತ್ತದೆ. ಮಧ್ಯಾಂಕವೂ ಸಾಧುವೇನಲ್ಲ. 325 ಗುಂಟೆಯವನು ಎಷ್ಟು ಬೆಳೆದರೂ ಅದು ಕಣ್ಣೆತ್ತಿ ನೋಡುವುದಿಲ್ಲ. ಜಮೀನು ಕೆಲವರ ಕೈಸೇರುತ್ತಿರುವುದನ್ನು ಮುಚ್ಚಿಡಬೇಕಾದವರಿಗೆ ಅದು ಅನುಕೂಲವೇ. ಇನ್ನು ಬಾಡಿಗೆಗೆ ಎಂಥ ಉಳುಮೆ ಯಂತ್ರ ತರಬೇಕು ಎಂದು ಯೋಚಿಸುವವನಿಗೆ 15 ಗುಂಟೆಯ ಬಹುಲಕವೇ ಹೆಚ್ಚು ಉಪಯೋಗಕ್ಕೆ ಬಂದೀತು.

ಇದಕ್ಕಿಂತ ಕಠಿಣವಾದದ್ದು ಎರಡು ಶಿಖರಗಳ ಹಂಚಿಕೆ. ಮಂಡ್ಯ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ, ತಿಂಗಳಿಗೆ ಹಂಚಿದರೆ ಸರಾಸರಿ 58. ಆದರೆ ಮಳೆ ಜೋರಾಗುವುದು ಮೇ ತಿಂಗಳ ಗುಡುಗು ಮಳೆಯಲ್ಲಿ, ಮತ್ತೆ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ. ಜನವರಿ, ಫೆಬ್ರುವರಿ ಒಣಗಿರುತ್ತವೆ. 58ನ್ನು ನಂಬಿ ಬಿತ್ತನೆಗೆ ಇಳಿಯುವ ರೈತ ಯಾರೂ ಇಲ್ಲ.

ಬೆಳೆ ವಿಮೆಯಲ್ಲಿ ಮಾತ್ರ ಇಂಥ ಅಂಕಿಯನ್ನು ನಂಬದೆ ವಿಧಿಯಿಲ್ಲ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿಯೇ ಘಟಕ. ಅಲ್ಲಿ ಕನಿಷ್ಠ ನಾಲ್ಕು ಬೆಳೆ ಕಟಾವು ಪ್ರಯೋಗ ನಡೆಸಿ, ಸರಾಸರಿ ತೆಗೆದು, ಹಿಂದಿನ ವರ್ಷಗಳಿಂದ ಗೊತ್ತುಮಾಡಿದ ಖಾತರಿ ಇಳುವರಿಯ ಜೊತೆ ಹೋಲಿಸುತ್ತಾರೆ. ಮಳವಳ್ಳಿ ತಾಲ್ಲೂಕಿನ ಒಂದು ಪಂಚಾಯಿತಿಯಲ್ಲಿ ಎರಡು ಗದ್ದೆಗಳಿಗೆ ನೀರು ಹರಿದಿದೆ, ಇನ್ನೆರಡು ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗದಲ್ಲಿ ಒಣಗಿವೆ ಎಂದು ಭಾವಿಸಿ. ಎಕರೆಗೆ 28, 26, 4, 2 ಕ್ವಿಂಟಲ್ ಭತ್ತ. ಸರಾಸರಿ 15. ಮಧ್ಯಾಂಕ ತೆಗೆದರೂ 26 ಮತ್ತು 4ರ ನಡು, ಅದೇ 15. ಹದಿನೈದು ಕ್ವಿಂಟಲ್ ಬೆಳೆದವರು ಆ ಪಂಚಾಯಿತಿಯಲ್ಲಿ ಒಬ್ಬರೂ ಇಲ್ಲ. ಖಾತರಿ ಇಳುವರಿ 14 ಇದ್ದರೆ 2 ಕ್ವಿಂಟಲ್ ಕಂಡವನಿಗೆ ಇಳುವರಿ ನಷ್ಟದ ಬಾಬ್ತು ಏನೂ ದಕ್ಕುವುದಿಲ್ಲ.

ಪ್ರತಿ ಗದ್ದೆಯನ್ನೂ ಅಳೆಯಲು ಹೊರಟರೆ ಖರ್ಚು ವಿಮಾ ಕಂತನ್ನೇ ನುಂಗುತ್ತದೆ, ಕಳೆ ಕೀಳದೆ ಬಿಟ್ಟವನೂ ಪರಿಹಾರಕ್ಕೆ ಕೈಚಾಚುತ್ತಾನೆ ಎಂಬ ವಾದವಿದೆ. ಅದನ್ನು ತಳ್ಳಿಹಾಕುವಂತಿಲ್ಲ, ಘಟಕದ ಲೆಕ್ಕ ಹುಟ್ಟಿದ್ದೇ ಅದಕ್ಕೆ. ನೀರಾವರಿ ಭತ್ತ, ಮಳೆಯಾಶ್ರಿತ ಭತ್ತ ಎಂದು ಬೇರೆ ಬೇರೆ ಅಧಿಸೂಚಿಸುವ ಕ್ರಮವೂ ಇದೆ, ಅದು ಒಳ್ಳೆಯದೇ. ಆದರೆ ನೀರು ತಲುಪದ ಕೊನೇ ಭಾಗದ ಗದ್ದೆಯೂ ಪಹಣಿಯಲ್ಲಿ ನೀರಾವರಿಯೇ. ಹಾಗಾಗಿ ಗುಂಪು ಕಟ್ಟಬೇಕಾದದ್ದು ಪಹಣಿಯ ಕಲಂ ನೋಡಿ ಅಲ್ಲ, ತೂಬಿನಿಂದ ನೀರು ನಿಜಕ್ಕೂ ಎಲ್ಲಿಯವರೆಗೆ ಬಂತು ಎಂಬುದನ್ನು ನೋಡಿ. ಪ್ರತಿ ಗದ್ದೆಯನ್ನೂ ಅಳೆಯುವುದು ಬೇಕಿಲ್ಲ: ಪಂಚಾಯಿತಿಯನ್ನು ನೀರು ಬಂದ, ಬಾರದ ಎರಡು ಪಾಲು ಮಾಡಿ, ಒಂದೊಂದರಲ್ಲೂ ನಾಲ್ಕು ಪ್ರಯೋಗ ನಡೆಸಿದರೆ ಒಂದು ಪಾಲಿಗೆ 27ರ ಹತ್ತಿರದ ಸರಾಸರಿ ಬರುತ್ತದೆ, ಇನ್ನೊಂದಕ್ಕೆ 3ರ ಹತ್ತಿರದ್ದು. ಹೆಚ್ಚುವರಿ ಖರ್ಚು ನಾಲ್ಕು ಕಟಾವಿನದು. ಅಷ್ಟೂ ಆಗದಿದ್ದರೆ ಪಂಚಾಯಿತಿ ಕಚೇರಿಯ ನೋಟಿಸ್ ಬೋರ್ಡಿನಲ್ಲಿ 15ರ ಪಕ್ಕ 28, 26, 4, 2 ಎಂದು ಬರೆಯುವುದಕ್ಕೆ ಒಂದು ಸಾಲು ಜಾಗ ಸಾಕು.