ಹಿತ್ತಲಿಗೆ ಮರೆ ಕಟ್ಟುವ ಮುನ್ನ

ನಮ್ಮ ಮನೆಗಳಲ್ಲಿ ಹಿತ್ತಲು ಎಂದರೆ ಬರೀ ಖಾಲಿ ಜಾಗವಲ್ಲ. ನೀರು ಸೋಸುವುದು, ಬಟ್ಟೆ ಒಗೆಯುವುದು, ಕಾಳು ಹಸನು ಮಾಡುವುದು, ಬೇಸಿಗೆಯಲ್ಲಿ ಹಪ್ಪಳ, ಶಾವಿಗೆ ಒಣಗಿಸುವುದು, ಹಿರಿಯರು ಎಳೆಬಿಸಿಲಿಗೆ ಕೂಡುವುದು ಎಲ್ಲವೂ ಅಲ್ಲಿಯೇ. ಸುತ್ತಲಿನ ಮನೆಗಳು ಒಂದೇ ಅಂತಸ್ತಿನವು ಇದ್ದಾಗ ಎದೆಮಟ್ಟದ ಗೋಡೆ ಸಾಕಾಗುತ್ತಿತ್ತು. ಈಗ ಸೋಲಾಪುರವಿರಲಿ, ಅಕ್ಕಲಕೋಟೆ ಇರಲಿ, ಜತ್ತ ಇರಲಿ, ಪಕ್ಕದವರ ಮನೆಯ ಮೇಲೆ ಮತ್ತೊಂದು ಅಂತಸ್ತು ಏರಿದೆ. ಅದರ ಕಿಟಕಿ ನಮ್ಮ ಹಿತ್ತಲಿಗೆ ತೆರೆದಿದೆ. ನೋಡುವವರ ಮನಸ್ಸಿನಲ್ಲಿ ಏನೂ ಇಲ್ಲದಿರಬಹುದು. ಆದರೂ ಸೊಸೆಯಂದಿರು ಹಿತ್ತಲಿಗೆ ಹೋಗುವುದನ್ನೇ ಬಿಟ್ಟ ಮನೆಗಳು ನಮಗೆ ಗೊತ್ತು.

ಅಂಥವರು ನೇರವಾಗಿ ಅಂಗಡಿಗೆ ಬಂದು, "ಎಲ್ಲಕ್ಕಿಂತ ಎತ್ತರದ ಪತ್ರಾ ಕೊಡ್ರಿ" ಎನ್ನುತ್ತಾರೆ. ಪತ್ರಾ, ಸಿಮೆಂಟು, ತಂತಿ ಮಾರುವುದೇ ನಮ್ಮ ವ್ಯಾಪಾರ. ಎತ್ತರದ್ದು ಮಾರಿದಷ್ಟೂ ನಮಗೆ ಲಾಭ. ಆದರೂ ಮೊದಲು ಮನೆಗೆ ಹೋಗಿ ಒಂದು ಹುರಿ ಹಿಡಿದು ಅಳೆದು ಬನ್ನಿರಿ ಎಂದೇ ನಾವು ಹೇಳುತ್ತೇವೆ.

ಅಳತೆ ಹೇಗೆಂದರೆ, ಪಕ್ಕದ ಮನೆಯ ಕಿಟಕಿಯಿಂದ ನಿಮ್ಮ ಒಗೆಯುವ ಕಲ್ಲಿನ ಬಳಿ ನಿಂತವರ ತಲೆಯವರೆಗೆ ನೋಟ ನೇರವಾಗಿ ಇಳಿಯುತ್ತದೆ. ಆ ಗೆರೆ ನಿಮ್ಮ ಗಡಿಯನ್ನು ಎಷ್ಟು ಎತ್ತರದಲ್ಲಿ ದಾಟುತ್ತದೋ ಅಷ್ಟೇ ಮರೆ ಬೇಕು. ಲೆಕ್ಕ ಹಾಕಿ ನೋಡಿರಿ. ಗಡಿಯಿಂದ 20 ಅಡಿ ಆಚೆ, ನೆಲದಿಂದ 15 ಅಡಿ ಎತ್ತರದಲ್ಲಿ ನೋಡುವವರ ಕಣ್ಣು ಇದೆ ಎನ್ನಿ. ಒಗೆಯುವ ಕಲ್ಲು ಗಡಿಯಿಂದ 6 ಅಡಿ ಒಳಗಿದ್ದು, ನಿಂತವರ ಎತ್ತರ 5 ಅಡಿ ಇದ್ದರೆ ಸುಮಾರು ಏಳೂಕಾಲು ಅಡಿಯ ಮರೆ ಬೇಕಾಗುತ್ತದೆ. ಅದೇ ಕಲ್ಲನ್ನು ಗಡಿಯಿಂದ 2 ಅಡಿಗೆ ಸರಿಸಿದರೆ ಆರು ಅಡಿ ಸಾಕು. ಕಲ್ಲು ಸರಿಸಲು ಇಬ್ಬರು ಆಳು, ಅರ್ಧ ದಿನ. ಇನ್ನು ಪಕ್ಕದ ಮನೆ ಗಡಿಗೆ ತೀರ ಹತ್ತಿರವಿದ್ದರೆ ಎಷ್ಟು ಎತ್ತರ ಕಟ್ಟಿದರೂ ಮೇಲಿನ ನೋಟ ತಪ್ಪದು. ಅಲ್ಲಿ ಗೋಡೆ ಬೇಡ, ತಲೆಯ ಮೇಲೆ ಚಪ್ಪರ ಬೇಕು. ನಾಲ್ಕು ಕಂಬ ನೆಟ್ಟು ತಂತಿ ಬಿಗಿದು ತೊಂಡೆ, ಹೀರೆ ಬಳ್ಳಿ ಹಬ್ಬಿಸಿದರೆ ಮರೆಯೂ ಆಯಿತು, ಪಲ್ಯೆಯೂ ಆಯಿತು.

ಎತ್ತರದ ಬಗ್ಗೆ ನಾವು ಇಷ್ಟು ಹಟ ಹಿಡಿಯಲು ಬೇರೆಯೇ ಕಾರಣವಿದೆ. ನಮ್ಮ ಪರಿಚಯದ ಒಂದು ಮನೆಯಲ್ಲಿ ಪಡುವಣ ಬದಿಗೆ, ಅಡುಗೆಮನೆಯ ಕಿಟಕಿಯಿಂದ ನಾಲ್ಕೇ ಅಡಿ ದೂರದಲ್ಲಿ ಎಂಟು ಅಡಿಯ ಗೋಡೆ ಏರಿಸಿದರು. ಮರೆ ಏನೋ ಚೆನ್ನಾಗಿ ಆಯಿತು. ಚಳಿಗಾಲ ಬಂತು. ಡಿಸೆಂಬರಿನಲ್ಲಿ ನಮ್ಮ ಕಡೆ ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಎರಡು ಘಳಿಗೆ, ಅಂದರೆ 48 ನಿಮಿಷ ಮೊದಲೇ ಊಟ ಮುಗಿಸುವ ನೇಮದವರು ನಾಲ್ಕು ಗಂಟೆಗೇ ಒಲೆ ಹಚ್ಚಬೇಕು. ಆ ಮನೆಯ ಹಿರಿಯ ಶ್ರಾವಿಕೆಗೆ ನಾಲ್ಕೂವರೆಗೇ ದೀಪ ಬೇಕಾಯಿತು. ಬೇಳೆಯಲ್ಲಿ ಹುಳು ಇದೆಯೋ ಇಲ್ಲವೋ ಕಾಣದು. ಹಿಟ್ಟು ಸಾಣಿಸಿದರೂ ಮನಸ್ಸಿಗೆ ನಂಬಿಕೆ ಬಾರದು. ರಾತ್ರಿಭೋಜನ ಬಿಟ್ಟವರ ಮನೆಯಲ್ಲಿ ಗೋಡೆಯೇ ಹಗಲನ್ನು ರಾತ್ರಿ ಮಾಡಿದಂತಾಯಿತು. "ಯಾರೂ ನೋಡೂದಿಲ್ಲ ಖರೆ, ನನಗೂ ಏನೂ ಕಾಣೂದಿಲ್ಲಪ್ಪಾ" ಎಂದು ಆಕೆ ಮಗನಿಗೆ ಹೇಳಿದ ಮಾತು ಊರಲ್ಲೆಲ್ಲ ಆಯಿತು. ಕೊನೆಗೆ ಮೇಲಿನ ಮೂರು ಅಡಿ ಇಳಿಸಿ, ಅಲ್ಲಿ ಸಿಮೆಂಟಿನ ಜಾಳಂದ್ರ ಕೂಡಿಸಿ, ಒಳಬದಿಗೆ ಸುಣ್ಣ ಬಳಿದರು. ಬಿಳಿಯ ಗೋಡೆ ಬೆಳಕನ್ನು ತಿರುಗಿಸಿ ಅಡುಗೆಮನೆಗೆ ಕೊಡುತ್ತದೆ. ಕಿಟಕಿಯ ಎದುರಿಗೆ ಜಾಳಂದ್ರ, ಬಚ್ಚಲು ಮತ್ತು ಒಗೆಯುವ ಕಲ್ಲಿನ ಎದುರಿಗೆ ಗಟ್ಟಿ ಗೋಡೆ: ಒಂದೇ ಗಡಿಗೆ ಎರಡು ಬಗೆ ಇದ್ದರೆ ನೋಡಲು ಅಂದವಿಲ್ಲ ಎನ್ನುವವರು ಇದ್ದಾರೆ, ಇರಲಿ.

ಇನ್ನು ಯಾವುದರಿಂದ ಕಟ್ಟಬೇಕು ಎಂಬುದು. ಕಾಸರಗೋಡಿನ ಬಾಂಧವರಿಗೆ ಕೆಂಪುಕಲ್ಲು ಅಲ್ಲಿಯೇ ಸಿಗುತ್ತದೆ, ವಯನಾಡಿನವರಿಗೆ ದಾಸವಾಳದ ಬೇಲಿ ಮಳೆಗೆ ತಾನಾಗಿಯೇ ಬೆಳೆಯುತ್ತದೆ. ನಮ್ಮದು ಎರೆಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಒಂದೂವರೆ ಅಡಿ ಪಾಯ ತೆಗೆದು ಇಟ್ಟಂಗಿ ಗೋಡೆ ಏರಿಸಿದರೆ ಎರಡನೆಯ ವರ್ಷವೇ ಸೀಳು ಬೀಳುತ್ತದೆ, ಇಲ್ಲವೆ ಗೋಡೆ ಒಂದು ಬದಿಗೆ ವಾಲುತ್ತದೆ. ಎರೆ ಮುಗಿದು ಗರಸು ಹತ್ತುವವರೆಗೆ ತೋಡಬೇಕು. ಎರೆ ಬಹಳ ಆಳವಿದ್ದರೆ ಅಲ್ಲಲ್ಲಿ ಕಂಬದ ಗುಂಡಿಗಳನ್ನು ಮಾತ್ರ ಆಳಕ್ಕೆ ಇಳಿಸಿ, ಮೇಲೆ ಕಾಂಕ್ರೀಟಿನ ತೊಲೆ ಹಾಕಿ, ತೊಲೆಯ ಕೆಳಗೆ ಮಣ್ಣು ಉಬ್ಬಲು ಸಂದು ಬಿಡುವುದು ಒಳ್ಳೆಯ ಗೌಂಡಿಗೆ ಗೊತ್ತಿರುತ್ತದೆ. ಗೊತ್ತಿಲ್ಲದ ಗೌಂಡಿ ಅಗ್ಗಕ್ಕೆ ಸಿಗುತ್ತಾನೆ.

ರೆಡಿಮೇಡ್ ಕಂಪೌಂಡ್ ಎಂದು ಈಗ ಎಲ್ಲೆಡೆ ಕಾಣುವುದು ಇದಕ್ಕೇ ಅನುಕೂಲ. ಗಾಡಿ ಇರುವ ಕಾಂಕ್ರೀಟಿನ ಕಂಬ ನೆಟ್ಟು ನಡುವೆ ಹಲಗೆಗಳನ್ನು ಒಂದರ ಮೇಲೊಂದು ಇಳಿಸುತ್ತಾರೆ. ಭೂಮಿ ಅಲುಗಿದರೂ ಹಲಗೆ ತುಸು ಜರುಗುತ್ತದೆಯೇ ಹೊರತು ಸೀಳುವುದಿಲ್ಲ. ಬೇಕೆಂದಾಗ ಒಂದು ಹಲಗೆ ತೆಗೆಯಲೂ ಬರುತ್ತದೆ. ಸಂದುಗಳಿಂದ ಇಣುಕಿದರೆ ಕಾಣುತ್ತದೆಂದು ದೂರುವವರು ಅಲ್ಲಿ ಸಿಮೆಂಟು ಮೆತ್ತಿಕೊಳ್ಳಬಹುದು.

ಪತ್ರಾ ಬೇಗ ಮುಗಿಯುವ ಕೆಲಸ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಅದರ ಹತ್ತಿರ ಕೂಡಲಾಗದು, ಗಾಳಿಗೆ ರಾತ್ರಿಯೆಲ್ಲ ಬಡಿಯುತ್ತದೆ, ಅಂಚು ಮಕ್ಕಳ ಕೈ ಕೊಯ್ಯುತ್ತದೆ. ಹಾಕಲೇಬೇಕಾದರೆ ಅಂಚಿಗೆ ಪಟ್ಟಿ ಹೊಡೆಸಿರಿ, ಕಬ್ಬಿಣದ ಕಂಬಗಳನ್ನು ಹತ್ತಿರ ಹತ್ತಿರ ನೆಡಿಸಿರಿ. ಹಸಿರು ಜಾಳಿಗೆಯ ಬಟ್ಟೆ ಎರಡು ಮೂರು ಬೇಸಿಗೆಗೆ ಹರಿದು ಚೂರಾಗುತ್ತದೆ. ಬಿದಿರಿನ ತಟ್ಟಿ ತಂಪು, ಅಂದ. ಆದರೆ ಮಣ್ಣಿಗೆ ತಾಗಿದರೆ ಗೆದ್ದಲು ಹತ್ತುತ್ತದೆ. ಆಮೇಲೆ ಔಷಧ ಹೊಡೆಯುವ ಯೋಚನೆ ಬರುತ್ತದೆ. ವಿಷ ಹಾಕಿ ಕಾಯಬೇಕಾದ ಬೇಲಿ ನಮ್ಮ ಮನೆಗೆ ಏಕೆ? ತಟ್ಟಿಯೇ ಬೇಕೆಂದರೆ ಕಬ್ಬಿಣದ ಚೌಕಟ್ಟಿಗೆ ಬಿಗಿದು, ನೆಲದಿಂದ ಅರ್ಧ ಅಡಿ ಮೇಲೆ ಕಲ್ಲಿನ ಮೇಲೆ ನಿಲ್ಲಿಸಿರಿ.

ಗೋಡೆಯ ನೆತ್ತಿಗೆ ಗಾಜಿನ ಚೂರು ನೆಡುವುದು ಹಳೆಯ ಚಾಳಿ. ಅದರಿಂದ ಕಳ್ಳ ನಿಂತದ್ದು ನಾವು ಕಾಣೆವು. ಬೆಕ್ಕು, ಅಳಿಲುಗಳ ಕಾಲು ಕೊಯ್ದದ್ದು ಕಂಡಿದ್ದೇವೆ. ಮುಳ್ಳುತಂತಿಯದೂ ಅದೇ ಮಾತು. ಮನೆಯ ವಿದ್ಯುತ್ತನ್ನು ತಂತಿಗೆ ಕೊಡುವುದಂತೂ ಅಪರಾಧ, ಪ್ರಾಣ ಹೋಗುವ ಕೆಲಸ.

ಹಸಿರು ಬೇಲಿಯೇ ಬೇಕೆನ್ನುವವರಿಗೆ ನಮ್ಮ ಕಡೆಗೆ ಮದರಂಗಿಯಷ್ಟು ಒಗ್ಗುವ ಗಿಡ ಬೇರೆ ಇಲ್ಲ. ನೀರು ಕಡಿಮೆ ಸಾಕು, ಕತ್ತರಿಸಿದಷ್ಟೂ ಒತ್ತಾಗಿ ಚಿಗುರುತ್ತದೆ. ಒಂದು ಅಡಿಗೆ ಒಂದರಂತೆ ಎರಡು ಸಾಲು, ಎದುರುಬದುರಾಗದಂತೆ ನೆಡಬೇಕು. ಮರೆಯಾಗಲು ಎರಡು ಮೂರು ವರ್ಷ ಬೇಕು, ಅಲ್ಲಿಯವರೆಗೆ ಹಳೆಯ ಸೀರೆ ಕಟ್ಟಿಕೊಳ್ಳಿರಿ. ಕಣಗಿಲೆ ಬರಗಾಲಕ್ಕೂ ಬಗ್ಗದು, ಆದರೆ ಎಲೆ, ಹೂವು ಎಲ್ಲವೂ ವಿಷ. ಮಕ್ಕಳು, ದನಗಳು ಇರುವಲ್ಲಿ ಬೇಡ. ಕಳ್ಳಿಯ ಹಾಲು ಕಣ್ಣಿಗೆ ಸಿಡಿದರೆ ಅಪಾಯ. ನರ್ಸರಿಗಳಲ್ಲಿ ಬೇಗ ಬೆಳೆಯುತ್ತದೆಂದು ಕೊಡುವ ಕೋನೋಕಾರ್ಪಸ್ ಗಿಡವನ್ನು ಗುಜರಾತ ಸರಕಾರ 2023ರಲ್ಲಿ ನಿಷೇಧಿಸಿತು. ಅದರ ಬೇರು ನಳದ ಕೊಳವೆ, ಗಟಾರಗಳನ್ನು ಹೊಕ್ಕು ಕೆಡಿಸುತ್ತದೆ.

ಪಾಯ ತೋಡುವ ಕೆಲಸ ಬೇಸಿಗೆಯಲ್ಲಿಯೇ ಆಗಲಿ. ಎರೆಯ ಬಿರುಕು ಎಷ್ಟು ಆಳ ಎಂಬುದು ಆಗ ಕಣ್ಣಿಗೆ ಕಾಣುತ್ತದೆ. ಮಳೆಗಾಲದಷ್ಟು ಜೀವರಾಶಿಯೂ ಮಣ್ಣಿನಲ್ಲಿ ಇರುವುದಿಲ್ಲ. ಚಾತುರ್ಮಾಸ ಹಿಡಿಯುವ ಮೊದಲು ಮುಗಿಯಬೇಕು. ಗಿಡ ನೆಡುವವರು ರೋಹಿಣಿ, ಮೃಗಶಿರೆಯ ಮೊದಲ ಮಳೆಗೆ ನೆಟ್ಟು ಮುಗಿಸಿರಿ.

ಎಲ್ಲಕ್ಕಿಂತ ಮೊದಲು ಗಡಿ ಖಚಿತವಾಗಬೇಕು. ಉತಾರ ತೆಗೆಸಿ, ಸಂಶಯವಿದ್ದರೆ ಮೋಜಣಿಗೆ ಅರ್ಜಿ ಕೊಟ್ಟು, ನಗರ ಪರಿಷತ್ತಿನಲ್ಲಿಯೋ ಪಂಚಾಯತಿಯಲ್ಲಿಯೋ ಎತ್ತರದ ನಿಯಮ ಕೇಳಿಕೊಂಡು ಗುದ್ದಲಿ ಹಾಕಿರಿ. 1882ರ ಅನುಭೋಗದ ಹಕ್ಕುಗಳ ಕಾಯ್ದೆಯಂತೆ 20 ವರ್ಷ ತಡೆಯಿಲ್ಲದೆ ಬೆಳಕು, ಗಾಳಿ ಅನುಭವಿಸಿದ ಕಟ್ಟಡಕ್ಕೆ ಅದರ ಹಕ್ಕು ಬರುತ್ತದೆ. ಆದ್ದರಿಂದ ನಿಮ್ಮ ಗೋಡೆ ಪಕ್ಕದವರ ಹಳೆಯ ಕಿಟಕಿಯ ಬೆಳಕನ್ನು ಮುಚ್ಚಿದರೆ ಅವರು ಕೋರ್ಟಿಗೆ ಹೋಗಬಹುದು. ಅದೇ ಕಾಯ್ದೆ ಮನೆಯ ಮರೆಯನ್ನೂ ಮರೆತಿಲ್ಲ. ನೆರೆಯವರ ಒಳಮನೆಗೆ ನೋಟ ಬೀಳುವಂತೆ ಹೊಸ ಕಿಟಕಿ ತೆರೆಯಬಾರದೆಂಬ ರೂಢಿ ಊರಿನಲ್ಲಿ ಇದ್ದರೆ ಅದೂ ಹಕ್ಕೇ ಎಂದು ಅದರ 18ನೆಯ ಕಲಮಿನ ಉದಾಹರಣೆ ಹೇಳುತ್ತದೆ. ಆದರೆ ರೂಢಿ ಇದೆಯೆಂದು ನಾವೇ ಸಿದ್ಧಮಾಡಬೇಕು.

ಅದಕ್ಕೂ ಮೊದಲು ಪಕ್ಕದ ಮನೆಯ ಹಿರಿಯರ ಹತ್ತಿರ ಒಮ್ಮೆ ಹೋಗಿ ಕೂತು ಮಾತಾಡಿರಿ. ನಮ್ಮ ಓಣಿಯ ಇಬ್ಬರು ಹೀಗೆಯೇ ಮಾಡಿದರು. ಮೇಲಿನವರು ತಮ್ಮ ಕಿಟಕಿಯ ಕೆಳಗಿನ ಅರ್ಧಕ್ಕೆ ಮಸಕು ಗಾಜು ಹಾಕಿಸಿದರು, ಗಾಜಿನ ಹಣ ಕೆಳಗಿನವರು ಕೊಟ್ಟರು. ಅವರ ಹಿತ್ತಲಿನ ಗೋಡೆ ಇಂದಿಗೂ ಐದೇ ಅಡಿ ಇದೆ.