ಸುತ್ತುವ ಚಕ್ರ, ಸುತ್ತದ ಚಕ್ರ

ನಾಣ್ಯವನ್ನು ತೂರಿಸುವ ಸೀಳಿನಿಂದಲೇ ‘ಸ್ಲಾಟ್’ ಎಂಬ ಹೆಸರನ್ನು ಪಡೆದ ಜೂಜಿನ ಯಂತ್ರಗಳಲ್ಲೆಲ್ಲ ಪ್ರಖ್ಯಾತವಾದುದು, ಬವೇರಿಯದಿಂದ ವಲಸೆಬಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ನೆಲಸಿದ್ದ ಚಾರ್ಲ್ಸ್ ಫೇ ಎಂಬ ಯಂತ್ರಶಿಲ್ಪಿಯು ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ನಿರ್ಮಿಸಿದ ‘ಲಿಬರ್ಟಿ ಬೆಲ್’. ಸನ್ನೆಯನ್ನೆಳೆದೊಡನೆ ಮೂರು ಚಕ್ರಗಳು ತಿರುಗಿ ಒಂದಾದಮೇಲೊಂದು ನಿಲ್ಲುತ್ತಿದ್ದುವು. ಮೂರು ಗಂಟೆಗಳ ಚಿತ್ರಗಳು ಸಾಲುಗೂಡಿದರೆ 50 ಸೆಂಟುಗಳ ಬಹುಮಾನ. ಚಕ್ರಕ್ಕೆ ಹತ್ತು ನಿಲುಗಡೆಗಳಂತೆ ಸಾಧ್ಯವಾದ ಸಂಯೋಗಗಳು ಒಟ್ಟು 1,000. ಚಿತ್ರಗಳನ್ನು ಎಣಿಸಬಲ್ಲವನಿಗೆ ಯಂತ್ರದ ಮರ್ಮವೆಲ್ಲವೂ ಬಯಲು.

ಬಹುಮಾನವು ಹಿರಿದಾಗಬೇಕಾದರೆ ಅದು ದುರ್ಲಭವಾಗಬೇಕು, ದುರ್ಲಭವಾಗಬೇಕಾದರೆ ಚಕ್ರವು ಹಿಗ್ಗಬೇಕು; ಹಿಗ್ಗಿದ ಚಕ್ರವನ್ನು ಕಂಡರೆ ಆಟಗಾರನು ಹಿಂಜರಿಯುವನು. ಈ ಸಂಕಟಕ್ಕೆ ಇಂಗೆ ಟೆಲ್ನೆಸ್ ಎಂಬಾತನು 1984ರಲ್ಲಿ ಪಡೆದ ಪೇಟೆಂಟಿನಲ್ಲಿ ಪರಿಹಾರವಿದ್ದಿತು. ಯಂತ್ರದೊಳಗಿನ ಗಣಕವು ಯಾರೂ ಆಡದಿರುವಾಗಲೂ ಎಡೆಬಿಡದೆ ಯಾದೃಚ್ಛಿಕ ಸಂಖ್ಯೆಗಳನ್ನು ಹೆರುತ್ತಿರುವುದು. ಗುಂಡಿಯನ್ನೊತ್ತಿದ ಕ್ಷಣದಲ್ಲಿ ಒದಗಿದ ಸಂಖ್ಯೆಗಳೇ ಫಲವನ್ನು ನಿರ್ಣಯಿಸುವುವು. ಕಣ್ಣಿಗೆ ಕಾಣುವ ತಿರುಗಾಟವು, ಆಗಲೇ ಬರೆದಾದ ತೀರ್ಪನ್ನು ಓದಿಹೇಳುವ ಗುಮಾಸ್ತನ ಕೆಲಸವಷ್ಟೆ. ಬಹಳ ಹೊತ್ತಿನಿಂದ ಕೊಡದ ಯಂತ್ರವು ಇನ್ನೇನು ಕೊಟ್ಟೀತೆಂದು ಕಾದು ಕೂರುವವರುಂಟು. ಪಾಪ, ಅದಕ್ಕೆ ಸ್ಮೃತಿಯೆಂಬುದೇ ಇಲ್ಲ. ಅದರ ಅಗತ್ಯವೂ ಇಲ್ಲ; ಸರಾಸರಿಯ ಲೆಕ್ಕವೇ ಅದಕ್ಕೆ ಸಾಕು. ಪಣದಲ್ಲಿ ಸರಾಸರಿ ನೂರಕ್ಕೆ 90ರಷ್ಟನ್ನು ಹಿಂದಿರುಗಿಸುವ ಯಂತ್ರವೆಂದರೆ ಉದಾರವಾಗಿಯೇ ತೋರುವುದು. ಆದರೆ ಬಂದುದನ್ನು ಮರಳಿ ಮರಳಿ ಹೂಡುವವನ 100 ಡಾಲರು, ಸರಾಸರಿಯ ಲೆಕ್ಕದಲ್ಲಿ, ಏಳನೆಯ ಆವೃತ್ತಿ ಮುಗಿಯುವಷ್ಟರಲ್ಲಿ 48ಕ್ಕೆ ಇಳಿದಿರುವುದು.

ಟೆಲ್ನೆಸ್‌ನ ಉಪಾಯದ ನಿಜವಾದ ಚಮತ್ಕಾರವಿರುವುದು ಬೇರೆಡೆ. ಹೊರಗಣ ಚಕ್ರದಲ್ಲಿ 22 ನಿಲುಗಡೆಗಳಿದ್ದರೆ, ಗಣಕದೊಳಗೆ ಅದಕ್ಕೆ 64 ಸಂಖ್ಯೆಗಳ ಅಗೋಚರವಾದ ಇನ್ನೊಂದು ಚಕ್ರವನ್ನು ಕಲ್ಪಿಸಬಹುದು. ಮಹಾಬಹುಮಾನದ ಚಿತ್ರಕ್ಕೆ ಒಂದೇ ಸಂಖ್ಯೆಯನ್ನಿತ್ತು, ಅದರ ಅಕ್ಕಪಕ್ಕದ ಬರಿಯ ತಾವುಗಳಿಗೆ ಹಲವನ್ನು ಹಂಚಿದರಾಯಿತು: ಕಣ್ಣೆಣಿಕೆಗೆ 10,648ರಲ್ಲಿ ಒಂದಾಗಿ ತೋರುವ ಅವಕಾಶವು ವಾಸ್ತವದಲ್ಲಿ 2,62,144ರಲ್ಲಿ ಒಂದಾಗಿರುವುದು. ಅಷ್ಟೇ ಅಲ್ಲ, ಆ ಬರಿಯ ತಾವುಗಳಲ್ಲಿ ಚಕ್ರವು ಪದೇ ಪದೇ ನಿಲ್ಲುವುದರಿಂದ ಬಹುಮಾನದ ಚಿತ್ರವು, ಗೆಲ್ಲಲು ಚಿತ್ರಗಳು ಸಾಲುಗೂಡಬೇಕಾದ ರೇಖೆಗಿಂತ ತುಸು ಮೇಲೋ ಕೆಳಗೋ ಮತ್ತೆ ಮತ್ತೆ ಇಣುಕುವುದು. ಕೂದಲೆಳೆಯಲ್ಲಿ ತಪ್ಪಿತೆಂದು ಆಟಗಾರನು ಹಲುಬಿ ಇನ್ನೊಮ್ಮೆ ಗುಂಡಿಯನ್ನೊತ್ತುವನು.

ಅಮೆರಿಕದ ನೆವಾಡ ರಾಜ್ಯದಲ್ಲಿ ಜೂಜನ್ನು ನಿಯಂತ್ರಿಸುವ ಅಧಿಕಾರಿಗಳು ಇದನ್ನು ಗಮನಿಸದೆ ಇರಲಿಲ್ಲ. ಸೋಲನ್ನು ನಿರ್ಣಯಿಸಿಯಾದ ಮೇಲೆ ‘ಇನ್ನೇನು ಗೆದ್ದೆ’ ಎಂಬಂತಹ ನೋಟವನ್ನು ರೇಖೆಯ ಮೇಲೆಯೇ ಹೆಚ್ಚಾಗಿ ಜೋಡಿಸಿ ತೋರುತ್ತಿದ್ದ ಸಂಸ್ಥೆಯೊಂದರ ಯಂತ್ರಗಳನ್ನು 1980ರ ದಶಕದ ಕೊನೆಯಲ್ಲಿ ಅವರು ನಿಷೇಧಿಸಿದರು. ರೇಖೆಗೆ ತುಸು ಮೇಲೆ, ತುಸು ಕೆಳಗೆ ಚಿತ್ರವು ಇಣುಕುವುದಕ್ಕೆ ಮಾತ್ರ ಅಡ್ಡಿಯಿಲ್ಲವೆಂದಾಯಿತು.