ಹಿರಿಯ ದಂಪತಿಗಳ ಹಳ್ಳಿ ಸೇವೆ: ಒಂದು ಪರಿಚಯ

ಮಕ್ಕಳ ಓದು ಮುಗಿಯಿತು, ಮದುವೆಯೂ ಆಯಿತು. ಒಬ್ಬರು ಮುಂಬೈಯಲ್ಲಿ, ಇನ್ನೊಬ್ಬರು ಗಲ್ಫ್‌ನಲ್ಲಿ. ಊರಿನ ಮನೆಯಲ್ಲಿ ಉಳಿದವರು ಗಂಡ ಹೆಂಡತಿ ಇಬ್ಬರೇ. ಕರಾವಳಿಯ ನಮ್ಮ ಎಷ್ಟೋ ಮನೆಗಳ ಚಿತ್ರವಿದು. ದೇಹದಲ್ಲಿ ಇನ್ನೂ ಶಕ್ತಿಯಿರುವ, ಕೈಯಲ್ಲಿ ಸಮಯವಿರುವ ಇಂತಹ ದಂಪತಿಗಳು ಪ್ರೇಷಿತ ಕಾರ್ಯಕ್ಕೆ ಹೊರಡಬಹುದೇ? ಬೇರೊಂದು ಪಂಗಡದವರು ಈ ಪ್ರಶ್ನೆಗೆ ಕಂಡುಕೊಂಡ ಉತ್ತರವನ್ನು ಓದುಗರಿಗೆ ಪರಿಚಯಿಸಲು ಬಯಸುತ್ತೇವೆ.

ಜೋಸೆಫ್ ಸ್ಮಿತ್ ಎಂಬವರು 1830ರಲ್ಲಿ ಅಮೆರಿಕದಲ್ಲಿ ಸ್ಥಾಪಿಸಿದ ಪಂಗಡವನ್ನು ಜನ ಸಾಮಾನ್ಯವಾಗಿ ‘ಮಾರ್ಮನ್’ ಎಂದು ಕರೆಯುತ್ತಾರೆ. ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿ ಅದರ ಕೇಂದ್ರ. ಇವರ ಬೋಧನೆಗೂ ನಮ್ಮ ವಿಶ್ವಾಸಕ್ಕೂ ಬಹಳ ಅಂತರವಿದೆ. ಇವರು ನೀಡುವ ದೀಕ್ಷಾಸ್ನಾನ ಸಿಂಧುವಲ್ಲವೆಂದು ವ್ಯಾಟಿಕನ್ 2001ರಲ್ಲಿ ತಿಳಿಸಿದೆ. ಈ ವಿಷಯದಲ್ಲಿ ಗೊಂದಲ ಬೇಡ. ಆದರೆ ಹಿರಿಯ ದಂಪತಿಗಳನ್ನು ಸೇವೆಗೆ ಕಳುಹಿಸುವ ಅವರ ಕ್ರಮ ತಿಳಿದುಕೊಳ್ಳುವಂತಹದ್ದು.

ಯಾರು ಹೋಗುತ್ತಾರೆ?

ಬಿಳಿ ಅಂಗಿ, ಟೈ ಧರಿಸಿ ಇಬ್ಬಿಬ್ಬರಾಗಿ ಮನೆಮನೆಗೆ ಹೋಗುವ ಮಾರ್ಮನ್ ತರುಣರನ್ನು ಕೆಲವರು ಕಂಡಿರಬಹುದು. ಅವರ ಜೊತೆಗೆ ಹಿರಿಯ ದಂಪತಿಗಳೂ ಹೊರಡುತ್ತಾರೆ. ಮನೆಯಲ್ಲಿ ಇವರನ್ನೇ ಅವಲಂಬಿಸಿದ ಮಕ್ಕಳಿರಬಾರದು, ಆರೋಗ್ಯ ಚೆನ್ನಾಗಿರಬೇಕು, ಸ್ಥಳೀಯ ಮುಖಂಡರ ಶಿಫಾರಸು ಬೇಕು. ಸೇವಾವಧಿ ಸಾಮಾನ್ಯವಾಗಿ 6 ತಿಂಗಳಿನಿಂದ 23 ತಿಂಗಳು. ಸಂಬಳವಿಲ್ಲ, ಖರ್ಚನ್ನು ದಂಪತಿಗಳೇ ಭರಿಸಬೇಕು. ಎಲ್ಲಿಗೆ ಹೋಗಲು ಇಷ್ಟವೆಂದು ತಿಳಿಸಬಹುದಾದರೂ ಕರೆ ಬಂದ ಕಡೆಗೆ ಹೋಗಬೇಕು. ತರುಣರಿಗಿರುವಷ್ಟು ಬಿಗಿಯಾದ ದಿನಚರಿ ಇವರಿಗಿಲ್ಲ. ಮನೆಮನೆ ಪ್ರಚಾರಕ್ಕೆ ಹೋಗಲೇಬೇಕೆಂಬ ನಿಯಮವೂ ಇಲ್ಲ.

ಹಳ್ಳಿಯಲ್ಲಿ ಏನು ಕೆಲಸ?

ಈ ಪಂಗಡದ ಸ್ಥಳೀಯ ಸಭೆಗಳಲ್ಲಿ ಸಂಬಳ ಪಡೆಯುವ ಬೋಧಕರಿಲ್ಲ. ಹಳ್ಳಿಯ ಸಣ್ಣ ಸಭೆಯನ್ನು ನಡೆಸುವವರು ಅಲ್ಲಿನ ರೈತನೋ ಶಾಲಾ ಮಾಸ್ತರನೋ ಆಗಿರಬಹುದು. ಅವರಿಗೆ ಬೆಂಬಲವಾಗಿ ನಿಲ್ಲುವುದೇ ಹಿರಿಯ ದಂಪತಿಗಳ ಮುಖ್ಯ ಕೆಲಸ. ಲೆಕ್ಕಪತ್ರ ಇಡುವುದು, ಭಾನುವಾರದ ಪಾಠ ತಯಾರಿಸುವುದು, ಸಭೆಗೆ ಬರುವುದನ್ನು ನಿಲ್ಲಿಸಿದ ಮನೆಗಳಿಗೆ ಹೋಗಿ ಮಾತನಾಡಿಸುವುದು, ಇವನ್ನು ಜೊತೆಗಿದ್ದು ಕಲಿಸುತ್ತಾರೆ. ಬೇರೆ ಕೆಲವು ದಂಪತಿಗಳು ಕುಡಿಯುವ ನೀರು, ಆರೋಗ್ಯ ಮುಂತಾದ ಪರಿಹಾರ ಕಾರ್ಯಗಳಲ್ಲಿ ತೊಡಗುತ್ತಾರೆ.

ಹಳ್ಳಿಯಲ್ಲಿ ವಯಸ್ಸಿಗೆ ಬೆಲೆಯಿದೆ. ಮಕ್ಕಳನ್ನು ಸಾಕಿದವರು, ಸಾಲ ತೀರಿಸಿದವರು, ಕಾಯಿಲೆ ಸಾವು ಕಂಡವರು ಜಗಲಿಯಲ್ಲಿ ಕುಳಿತರೆ ಮಾತು ತಾನಾಗಿ ಬರುತ್ತದೆ. ಗಂಡಸರ ಎದುರು ಬಾಯಿ ಬಿಡದ ಹೆಂಗಸರು ಹೆಂಡತಿಯ ಬಳಿ ಕಷ್ಟ ಹೇಳಿಕೊಳ್ಳುತ್ತಾರೆ. ಜಗಳವಾಡಿಯೂ ಜೊತೆಯಾಗಿ ಬಾಳುವುದು ಹೇಗೆಂದು ಯುವ ದಂಪತಿಗಳು ಇವರನ್ನು ನೋಡಿಯೇ ಕಲಿಯಬಹುದು.

ಕಷ್ಟಗಳೂ ಉಂಟು. ಭಾಷೆ ಬಾರದು, ಆಸ್ಪತ್ರೆ ದೂರ, ಮೊಮ್ಮಗುವಿನ ಹುಟ್ಟುಹಬ್ಬವನ್ನು ಫೋನಿನಲ್ಲೇ ನೋಡಬೇಕು. ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಹೊರಗಿನಿಂದ ಬಂದವರಿಗೆ ಹಣವಿದೆ, ಅನುಭವವಿದೆ. ಎಲ್ಲವನ್ನೂ ಅವರೇ ಮಾಡತೊಡಗಿದರೆ ಊರಿನವರು ಕೈಕಟ್ಟಿ ಕೂರುತ್ತಾರೆ. ದಂಪತಿಗಳು ಹಿಂದಿರುಗಿದ ಮರುವಾರ ಎಲ್ಲವೂ ನಿಂತುಹೋಗುತ್ತದೆ. ಆದ್ದರಿಂದ ಅವರು ಹೋದ ಮೇಲೆ ಊರಿನವರು ತಾವಾಗಿ ಏನು ನಡೆಸಿಕೊಂಡು ಹೋಗುತ್ತಾರೆ ಎಂಬುದರಿಂದಲೇ ಈ ಸೇವೆಯನ್ನು ಅಳೆಯಬೇಕು.

ನಮ್ಮ ಧರ್ಮಸಭೆಯಲ್ಲಿ

ನಮಗಿದು ಹೊಸದಲ್ಲ. ಚಕ್ರವರ್ತಿ ಕ್ಲಾಡಿಯಸ್ ಯೆಹೂದ್ಯರನ್ನು ರೋಮಿನಿಂದ ಹೊರಹಾಕಿದಾಗ ಕೊರಿಂಥಕ್ಕೆ ಬಂದ ಅಕ್ವಿಲ ಮತ್ತು ಪ್ರಿಸಿಲ್ಲ ದಂಪತಿ ಗುಡಾರ ಮಾಡುವ ಕಸುಬಿನವರು. ಅವರು ಸಂತ ಪೌಲರಿಗೆ ಮನೆಯಲ್ಲಿ ಜಾಗ ಕೊಟ್ಟರು, ಜೊತೆಗೆ ಎಫೆಸಕ್ಕೆ ಹೋದರು. ಅಲ್ಲಿ ಪಂಡಿತನಾದ ಅಪೊಲ್ಲೋಸನನ್ನು ಬಳಿಗೆ ಕರೆದು ದೇವರ ಮಾರ್ಗವನ್ನು ಇನ್ನೂ ಸ್ಪಷ್ಟವಾಗಿ ವಿವರಿಸಿದರು. ಅನಂತರ ಊರೂರಿಗೆ ಪ್ರಸಿದ್ಧನಾದವನು ಅಪೊಲ್ಲೋಸ್. ದಂಪತಿಗಳು ಹಿಂದೆಯೇ ನಿಂತರು. ವಿಶ್ವಗುರು 16ನೇ ಬೆನೆಡಿಕ್ಟರು 2007ರ ಫೆಬ್ರವರಿ 7ರ ಸಾರ್ವಜನಿಕ ಭೇಟಿಯಲ್ಲಿ ಈ ದಂಪತಿಯ ಕುರಿತೇ ಉಪದೇಶ ನೀಡಿದ್ದರು.

ಶ್ರೀಸಾಮಾನ್ಯರಿಗೂ ಪ್ರೇಷಿತ ಕಾರ್ಯದಲ್ಲಿ ಪಾಲಿದೆಯೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಸ್ಪಷ್ಟಪಡಿಸಿತು. ಅಮೆರಿಕದಲ್ಲಿ 1975ರಲ್ಲಿ ಆರಂಭವಾದ ಮೇರಿನೋಲ್ ಶ್ರೀಸಾಮಾನ್ಯ ಪ್ರೇಷಿತರ ಬಳಗದಲ್ಲಿ ಅವಿವಾಹಿತರಷ್ಟೇ ಅಲ್ಲ, ದಂಪತಿಗಳೂ ಸೇವೆಗೆ ಹೊರಡುತ್ತಾರೆ. ವಿಶ್ವಗುರು ಫ್ರಾನ್ಸಿಸರು 2021ರ ಮೇ ತಿಂಗಳಲ್ಲಿ ಧರ್ಮೋಪದೇಶಕರ ಸೇವೆಯನ್ನು ಶ್ರೀಸಾಮಾನ್ಯರಿಗಾಗಿ ಅಧಿಕೃತವಾಗಿ ಸ್ಥಾಪಿಸಿದರು.

ಹೀಗಿರುವಾಗ ನಮ್ಮ ಧರ್ಮಕೇಂದ್ರಗಳ ನಿವೃತ್ತ ಶಿಕ್ಷಕರು, ದಾದಿಯರು, ಬ್ಯಾಂಕ್ ನೌಕರರು ಜಪಸರ ಹಿಡಿದು ಟಿ.ವಿ. ಎದುರು ಕುಳಿತಿರಬೇಕಾಗಿಲ್ಲ. ವಿದೇಶಕ್ಕೇ ಹೋಗಬೇಕೆಂದಿಲ್ಲ. ಮೊದಲು ಒಂದು ತಿಂಗಳು ಒಳನಾಡಿನ ಮಿಷನ್ ಕೇಂದ್ರವೊಂದರಲ್ಲಿ ಇದ್ದು ನೋಡಬಹುದು. ಅದಕ್ಕೂ ಮುಂಚೆ ಗಂಡ ಹೆಂಡತಿ ಕುಳಿತು ಮನಬಿಚ್ಚಿ ಮಾತನಾಡಬೇಕು. ಒಬ್ಬರ ಉತ್ಸಾಹಕ್ಕೆ ಇನ್ನೊಬ್ಬರನ್ನು ಎಳೆದೊಯ್ಯುವುದು ಸರಿಯಲ್ಲ. ಮಕ್ಕಳಿಗೆ ತಿಳಿಸಿ, ವೈದ್ಯರನ್ನು ಕೇಳಿ, ವಿಗಾರರ ಸಲಹೆ ಪಡೆದು ಮುಂದುವರಿಯಲಿ. ಇಂತಹ ಒಂದು ದಂಪತಿಯಾದರೂ ಪ್ರತಿ ಧರ್ಮಕೇಂದ್ರದಿಂದ ಹೊರಡಲೆಂದು ಪ್ರಾರ್ಥಿಸೋಣ.